ಅಕ್ಷರಕ್ಕೆ ಅಂಚು

ಹಳೆಯ ವಿದ್ಯಾರ್ಥಿನಿಯರು ತಂತಮ್ಮ ಉದ್ಯೋಗದ ವಿಷಯವಾಗಿ ನಾಲ್ಕು ಮಾತು ಬರೆದು ಕಳಿಸಬೇಕೆಂದು ಈ ಸ್ಮರಣಸಂಚಿಕೆಯ ಸಂಪಾದಕಿಯರು ಅಪ್ಪಣೆ ಮಾಡಿದ್ದಾರೆ. ವೈದ್ಯರಾದವರೋ ಶಿಕ್ಷಕಿಯರಾದವರೋ ಬರೆದರೆ ಓದುವವರಿಗೆ ಕುತೂಹಲ ಹುಟ್ಟುವದು ಸಹಜ. ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದು ಹೊಟ್ಟೆ ಹೊರೆಯುವ ನನ್ನಂಥವಳು ಬರೆದರೆ, ಇದು ನಮಗೆ ತಿಳಿಯತಕ್ಕ ಮಾತಲ್ಲವೆಂದು ಹಾಳೆ ತಿರುವಿಬಿಡುವರೆಂಬ ಭಯವುಂಟು. ಆದುದರಿಂದ ನನ್ನ ಉದ್ಯೋಗದ ದೊಡ್ಡ ಸಂಗತಿಗಳನ್ನು ಬದಿಗಿಟ್ಟು, ಒಂದೇ ಒಂದು ಚಿಕ್ಕ ಕೆಲಸವನ್ನು ಆರಿಸಿಕೊಂಡಿದ್ದೇನೆ. ಅಕ್ಷರಕ್ಕೆ ಅಂಚು ಕಟ್ಟುವ ಕೆಲಸವೇ ಅದು. ಸೂಜಿ ಹಿಡಿದು ಬಲ್ಲ ತಾಯಂದಿರಿಗೂ ಸೋದರಿಯರಿಗೂ ಇದು ತೀರ ಅಪರಿಚಿತವಾಗಿ ತೋರಲಾರದೆಂದು ನಂಬಿದ್ದೇನೆ.

ಲಾರಿಯ ಹಣೆಯ ಮೇಲಿನ ಹೆಸರನ್ನೂ ಕಿರಾಣಿ ಅಂಗಡಿಯ ಹಲಗೆಯನ್ನೂ ಜಾತ್ರೆಯ ನಾಟಕದ ಭಿತ್ತಿಪತ್ರವನ್ನೂ ನಾವೆಲ್ಲರೂ ನೋಡಿದ್ದೇವೆ. ಪೇಂಟರನು ಹಳದಿಯ ಅಕ್ಷರವನ್ನು ಬರೆದು ಅಷ್ಟಕ್ಕೇ ಕುಂಚ ತೊಳೆದಿಡುವದಿಲ್ಲ. ಅದರ ಸುತ್ತಲೂ ಕರಿಯ ಇಲ್ಲವೆ ಕೆಂಪು ಗೆರೆಯೊಂದನ್ನು ಎಳೆಯುವನು. ನಾವು ಅದನ್ನು ಅಲಂಕಾರವೆಂದೆಣಿಸುತ್ತೇವೆ. ನಿಜವಾಗಿ ಅದು ಅಲಂಕಾರಕ್ಕಿಂತ ಹೆಚ್ಚಾಗಿ ಉಪಕಾರ. ಹಿಂದಿನ ನೆಲ ಯಾವ ಬಣ್ಣದ್ದಾಗಿರಲಿ, ಬಿಸಿಲಿಗೂ ಮಳೆಗೂ ಬಣ್ಣ ಮಾಸಿರಲಿ, ಅಕ್ಷರವು ತನ್ನ ಎಲ್ಲೆಯನ್ನು ಬಿಟ್ಟುಕೊಡದೆ ನಿಲ್ಲುವದಕ್ಕೆ ಆ ಗೆರೆಯೇ ಆಧಾರ. ಹೊಲಕ್ಕೆ ಬದು ಹೇಗೋ ಅಕ್ಷರಕ್ಕೆ ಅಂಚು ಹಾಗೆ. ನಕಾಶೆಯ ಮೇಲೆ ಊರ ಹೆಸರುಗಳನ್ನು ಬರೆಯುವವರೂ ಚಲಚ್ಚಿತ್ರದ ಕೆಳಗೆ ಮಾತುಗಳನ್ನು ಅಚ್ಚುಮಾಡುವವರೂ ಇದೇ ಉಪಾಯವನ್ನು ಅನುಸರಿಸುವರು.

ಈ ಉಪಾಯದ ಅವಶ್ಯಕತೆಯು ನನಗೆ ಬಿದ್ದುದು ಹೇಗೆಂಬದನ್ನು ಹೇಳುವೆನು. ನನ್ನ ಹುಟ್ಟೂರು ಹುಲಗೂರು. ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದು, ೧೯೯೭ರಿಂದ ಹಾವೇರಿ ಜಿಲ್ಲೆಯಲ್ಲಿರುವ ಶಿಗ್ಗಾಂವಿ ತಾಲೂಕಿನ ಗ್ರಾಮವದು. ಅಲ್ಲಿಯ ಹಜರೇಶಾ ಖಾದ್ರಿಯವರ ದರ್ಗಾ ಸುತ್ತಲಿನ ಸೀಮೆಗೆಲ್ಲ ಪ್ರಸಿದ್ಧವಾದುದು. ಸಮೀಪದ ಶಿಶುನಾಳದ ಶರೀಫ ಸಾಹೇಬರ (೧೮೧೯–೧೮೮೯) ತಂದೆತಾಯಿಗಳು ಈ ಖಾದ್ರಿಯವರಲ್ಲಿ ಭಕ್ತಿಯಿಟ್ಟಿದ್ದರೆಂದು ಹೇಳುವರು. ಹೀಗಿರಲು ತತ್ತ್ವಪದಗಳನ್ನು ಕೇಳದೆ ಬೆಳೆದ ಮಗುವು ನಮ್ಮ ಭಾಗದಲ್ಲಿ ವಿರಳ. ನನ್ನ ದೊಡ್ಡವ್ವನಂತೂ ರೊಟ್ಟಿ ಬಡಿಯುವಾಗಲೂ ಕಾಳು ಹಸನು ಮಾಡುವಾಗಲೂ ಪದ ಗುಣಗುಣಿಸದೆ ಇದ್ದವಳಲ್ಲ. ಅಂಥವಳಿಗೆ ಅರವತ್ತು ದಾಟಿದ ಮೇಲೆ ಕಿವಿ ಮಂದವಾಗುತ್ತ ಬಂದು, ಕೊನೆಗೆ ಏನೂ ಕೇಳದಂತಾಯಿತು. ಕಣ್ಣು ಕಾಣದವರನ್ನು ಕಂಡರೆ ಜನರು ಕೈಹಿಡಿದು ನಡೆಸುವರು. ಕಿವಿ ಕೇಳದವರನ್ನು ಕಂಡರೆ ಎರಡು ಸಲ ಕೂಗಿ, ಮೂರನೆಯ ಸಲ ಕೈಬೀಸಿ ಹೋಗಿಬಿಡುವರು. ಕಟ್ಟೆಯ ಮೇಲೆ ಎಲ್ಲರ ನಡುವೆ ಕುಳಿತೂ ಅವಳು ಒಬ್ಬಳೇ ಆದಳು. ಪದ ಹಾಡುವದನ್ನೂ ಬಿಟ್ಟಳು.

ಆದರೆ ದೊಡ್ಡವ್ವನಿಗೆ ಓದು ಬರುತ್ತಿತ್ತು. ಊರ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ವಿದ್ಯೆಯನ್ನು ಅವಳು ಮರೆತಿರಲಿಲ್ಲ. ಮನೆಯ ಹುಡುಗರು ಭಜನೆಯವರ ಪದಗಳನ್ನು ಮೊಬೈಲಿನಲ್ಲಿ ಚಿತ್ರ ಹಿಡಿದು ನನಗೆ ಕಳಿಸುತ್ತಿದ್ದರು. ಹಾಡುವವರ ಮುಖದ ಕೆಳಗೆ ಹಾಡಿನ ಮಾತುಗಳನ್ನು ಬರೆದು ತೋರಿಸಿದರೆ ಅವಳು ತುಟಿ ನೋಡುತ್ತ, ಅಕ್ಷರ ಓದುತ್ತ, ತನ್ನ ನೆನಪಿನಲ್ಲಿರುವ ಧಾಟಿಯನ್ನು ತಾನೇ ಜೋಡಿಸಿಕೊಂಡಾಳೆಂದು ನನಗೆ ತೋರಿತು.

ಬಿಳಿಯ ಅಕ್ಷರಗಳನ್ನು ಹಾಕಿದರೆ, ಸುಣ್ಣ ಬಳಿದ ಗೋಡೆಯ ಮೇಲೂ ಹಾಡುವವರ ಬಿಳಿಯ ಧೋತರದ ಮೇಲೂ ಅವು ಕರಗಿಹೋಗುತ್ತಿದ್ದವು. ಕರಿಯ ಅಕ್ಷರಗಳನ್ನು ಹಾಕಿದರೆ, ಎರಿಮಣ್ಣಿನ ಹೊಲವೋ ದೀಪದ ಆಚೆಗಿನ ಕತ್ತಲೆಯೋ ಬಂದ ಕೂಡಲೇ ಮಾಯವಾಗುತ್ತಿದ್ದವು. ಅಕ್ಷರಗಳ ಹಿಂದೆ ಕರಿಯ ಪಟ್ಟಿಯನ್ನು ಹಾಸಿದರೆ ದಮ್ಮಡಿ ಬಾರಿಸುವ ಕೈಯೇ ಮುಚ್ಚಿಹೋಗುತ್ತಿತ್ತು. ತಾಳ ಕೇಳದವಳಿಗೆ ತಾಳ ಹಿಡಿಯುವ ಕೈಯೂ ಕಾಣದಿದ್ದರೆ ಹೇಗೆ? ಆದಕಾರಣ ಬಿಳಿಯ ಅಕ್ಷರಕ್ಕೆ ಕರಿಯ ಅಂಚು ಕಟ್ಟುವದೊಂದೇ ದಾರಿಯೆಂದು ನಿಶ್ಚಯವಾಯಿತು.

ಇದಕ್ಕಾಗಿ ದೊರೆಯುವ ಸಿದ್ಧ ಪ್ರೋಗ್ರಾಮುಗಳೆರಡನ್ನು ತಂದು ನೋಡಿದೆನು. ಮೊದಲನೆಯದು ಬಲು ಸೋಮಾರಿ. ಚಿಕ್ಕದೊಂದು ಹಾಡಿಗೆ ಅಂಚು ಕಟ್ಟುವಷ್ಟರಲ್ಲಿ ನನ್ನ ಹಳೆಯ ಕಂಪ್ಯೂಟರು ಕಾದು ಹಂಚಾಗುತ್ತಿತ್ತು. ಎರಡನೆಯದು ಬಲು ಚುರುಕು. ಆದರೆ ಅದು ಅಕ್ಷರವನ್ನೇ ತಿನ್ನುತ್ತಿತ್ತು. ಧನವನ್ನು ನೆಚ್ಚಬೇಡವೆಂಬ ಅರ್ಥದ ಪದವೊಂದನ್ನು ಅದರಿಂದ ಸಿದ್ಧಪಡಿಸಿ ಕಳಿಸಿದಾಗ ದೊಡ್ಡವ್ವನು, "ದನಾ ನೆಚ್ಚದ ಒಕ್ಕಲತನ ಹ್ಯಾಂಗ ಮಾಡಬೇಕವಾ?" ಎಂದು ಕೇಳಿ ನಕ್ಕಳಂತೆ. ನಾನೂ ನಕ್ಕೆನು, ಆದರೆ ಆ ನಗೆಯಲ್ಲಿ ಒಂದು ಪಾಠವಿದ್ದಿತು. ದ ಎಂಬ ಅಕ್ಷರಕ್ಕೂ ಧ ಎಂಬ ಅಕ್ಷರಕ್ಕೂ ಇರುವ ಭೇದವು ಅಡಿಯಲ್ಲಿಯ ಒಂದು ಸಣ್ಣ ಗೆರೆ ಮಾತ್ರ. ಆ ಗೆರೆಯನ್ನು ಅಂಚು ನುಂಗಿಬಿಟ್ಟರೆ ಸಂಪತ್ತು ಹೋಗಿ ಎತ್ತು ಎಮ್ಮೆಗಳು ಬರುವವು. ಕೇಳುವವರಿಗೆ ಇಂಥ ತಪ್ಪು ದೊಡ್ಡದಲ್ಲ, ಕಿವಿಯು ಅದನ್ನು ತಿದ್ದಿಕೊಳ್ಳುವದು. ಅಕ್ಷರವೊಂದೇ ಗತಿಯಾದವಳಿಗೆ ಅದನ್ನು ತಿದ್ದುವವರಾರು?

ಅಂದಿನಿಂದ ನಾನೇ ಈ ಕೆಲಸಕ್ಕೆ ಕೈಹಾಕಿದೆನು. ಕಂಪ್ಯೂಟರಿನೊಳಗೆ ಅಕ್ಷರಗಳು ಹೇಗೆ ವಾಸವಾಗಿರುವವೆಂಬದನ್ನು ಇಲ್ಲಿ ಸ್ವಲ್ಪ ತಿಳಿಸುವದು ಅವಶ್ಯ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿಗಳನ್ನು ಕೊಟ್ಟಿರುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆ ಪದ್ಧತಿಯಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರವನ್ನು ಆರು ಅಂಕಿಗಳಾಗಿ ಇಡುವರು: ಸಕಾರ, ಹಲಂತದ ಗುರುತು, ತಕಾರ, ಮತ್ತೆ ಹಲಂತ, ರಕಾರ, ಕಡೆಗೆ ದೀರ್ಘ ಈಕಾರ. ಇವನ್ನು ಕೂಡಿಸಿ, ಯಾವುದು ಮೇಲೆ, ಯಾವುದು ಒತ್ತಾಗಿ ಕೆಳಗೆ ಎಂದು ನಿರ್ಣಯಿಸಿ, ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವಂತೆ ಮಾಡುವದು ಬೇರೊಂದು ಪ್ರೋಗ್ರಾಮಿನ ಕೆಲಸ. ಅಂಥದೊಂದರ ಹೆಸರು ಹಾರ್ಫ್‌ಬಝ್. ಹರ್ಫ್ ಎಂದರೆ ಅಕ್ಷರವೆಂದು ಹುಲಗೂರಿನ ನಮ್ಮ ಉರ್ದು ನೆರೆಹೊರೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಅಕ್ಷರದ ಆಕಾರವು ಫಾಂಟ್ ಎಂಬ ಕೋಶದಲ್ಲಿ ಚಿತ್ರವಾಗಿರದೆ ವಕ್ರರೇಖೆಗಳಾಗಿ ಇರುವದು. ಫ್ರಾನ್ಸಿನ ರೆನೋ ಮೋಟಾರು ಕಾರ್ಖಾನೆಯ ಇಂಜಿನಿಯರರಾದ ಪಿಯೇರ್ ಬೆಝಿಯೇ ಎಂಬವರು ಗಾಡಿಗಳ ಮೈಯ ಬಾಗುಗಳನ್ನು ಬರೆಯುವದಕ್ಕಾಗಿ ಪ್ರಚಾರಕ್ಕೆ ತಂದ ರೇಖೆಗಳೇ ಇಂದು ನಮ್ಮ ಅಆಇಈಗಳನ್ನೂ ಬರೆಯುತ್ತಿರುವವು. ನಾಲ್ಕಾರು ಬಿಂದುಗಳನ್ನು ಹೇಳಿದರೆ ಸಾಕು, ನಡುವಿನ ಬಾಗನ್ನು ಯಂತ್ರವು ಲೆಕ್ಕಮಾಡಿಕೊಳ್ಳುವದು. ಕೊನೆಗೆ ಪರದೆಯ ಮೇಲೆ ಪಿಕ್ಸೆಲ್ ಎಂಬ ಚಿಕ್ಕ ಚಿಕ್ಕ ಚೌಕಗಳನ್ನು ತುಂಬಿ ಆ ಆಕಾರವನ್ನು ತೋರಿಸುವದು. ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ತೇರು, ಗೋಪುರಗಳನ್ನು ಎಬ್ಬಿಸುವದಿಲ್ಲವೆ? ಹಾಗೆಯೇ ಇದು.

ಇಷ್ಟು ತಿಳಿದ ಮೇಲೆ ಮೊದಲನೆಯ ಪ್ರೋಗ್ರಾಮಿನ ಸೋಮಾರಿತನದ ಗುಟ್ಟು ಹೊರಬಿದ್ದಿತು. ಅದು ಅಂಚನ್ನು ಎಳೆಯುತ್ತಲೇ ಇರಲಿಲ್ಲ. ಅದೇ ಮಾತನ್ನು ಕರಿಯ ಬಣ್ಣದಲ್ಲಿ ತುಸು ಎಡಕ್ಕೆ, ತುಸು ಬಲಕ್ಕೆ, ಮೇಲಕ್ಕೆ, ಕೆಳಕ್ಕೆ, ಮೂಲೆಮೂಲೆಗೆ ಮತ್ತೆ ಮತ್ತೆ ಒತ್ತಿ, ಕೊನೆಗೆ ನಡುವೆ ಬಿಳಿಯದನ್ನು ಒತ್ತುತ್ತಿತ್ತು. ಅಂಚು ಮೂರು ಚೌಕದಷ್ಟು ಅಗಲವಿರಬೇಕಾದರೆ ಅಡ್ಡಕ್ಕೆ ಏಳು, ಉದ್ದಕ್ಕೆ ಏಳು, ಒಟ್ಟು ೪೯ ಸಲ ಒತ್ತಬೇಕು. ಚಲಚ್ಚಿತ್ರದಲ್ಲಿ ಒಂದು ಸೆಕೆಂಡಿಗೆ ೨೫ ಚಿತ್ರಗಳೆಂದು ಹಿಡಿದರೆ, ಮೂರು ಸೆಕೆಂಡು ನಿಲ್ಲುವ ಒಂದು ಸಾಲಿಗೆ ೭೫ ಚಿತ್ರಗಳು. ಪ್ರತಿಯೊಂದರಲ್ಲಿಯೂ ಹೊಸದಾಗಿ ೪೯ ಸಲದಂತೆ ೩,೬೭೫ ಸಲ ಒಂದೇ ಮಾತನ್ನು ಬರೆದಂತಾಯಿತು! ಮನೆಯಲ್ಲಿ ಯಾವ ಹೆಣ್ಣುಮಗಳೂ ಒಂದು ಹೋಳಿಗೆಗೆ ಒಂದು ಸಲ ಒಲೆ ಹೊತ್ತಿಸಿ ಆರಿಸಳು.

ಇಷ್ಟಾದರೂ ಫಲವು ಚೆನ್ನಾಗಿರಲಿಲ್ಲ. ಚೌಕವಾಗಿ ಸರಿಸುತ್ತ ಒತ್ತಿದುದರಿಂದ ಅಂಚು ನೇರ ದಿಕ್ಕಿನಲ್ಲಿ ಮೂರು ಚೌಕದಷ್ಟಿದ್ದರೆ ಓರೆ ದಿಕ್ಕಿನಲ್ಲಿ ನಾಲ್ಕಕ್ಕೂ ಮಿಕ್ಕಿ ದಪ್ಪವಾಗುತ್ತಿತ್ತು. ನೆಟ್ಟಗಿರುವ ಇಂಗ್ಲಿಷ್ ಅಕ್ಷರಗಳಿಗೆ ಇದು ಹೇಗೋ ಸಾಗೀತು. ತಾಳೆಗರಿಯ ಕಾಲದಿಂದ ದುಂಡಗೆ ಬೆಳೆದು ಬಂದ ನಮ್ಮ ಅಕ್ಷರಗಳಿಗೆ ಚೌಕದ ಅಂಗಿ ತೊಡಿಸಿದರೆ ಹೆಗಲುಗಳೆಲ್ಲ ಮೂಲೆಮೂಲೆಯಾಗಿ ಕಾಣುವವು.

ಆದುದರಿಂದ ಮಾಡತಕ್ಕುದೇನೆಂದರೆ, ಅಕ್ಷರದ ಎಲ್ಲೆಯಾದ ಆ ವಕ್ರರೇಖೆಯ ಗುಂಟ ದುಂಡು ಮೊನೆಯ ಲೆಕ್ಕಣಿಕೆಯೊಂದನ್ನು ಒಂದು ಸಲ ನಡೆಸಿಬಿಡುವದು. ಅಂಚು ಎಲ್ಲ ಕಡೆಗೂ ಸಮವಾಗಿ ಬರುವದು. ನಾನು ಬಳಸುವ ಪೈಥಾನ್ ಎಂಬ ಭಾಷೆಯಲ್ಲಿ ಚಿತ್ರ ರಚಿಸುವದಕ್ಕೆ ಪಿಲ್ಲೋ ಎಂಬ ಉಚಿತ ಸಾಮಗ್ರಿಯುಂಟು. ೨೦೧೯ರಲ್ಲಿ ಹೊರಬಂದ ಅದರ ೬.೨ನೆಯ ಆವೃತ್ತಿಯಿಂದ, ಅಂಚಿನ ಅಗಲವಿಷ್ಟು, ಬಣ್ಣವಿಂಥದು ಎಂದು ಹೇಳಿದರೆ ಅದು ಹೀಗೆಯೇ ಎಳೆದುಕೊಡುವದು. ಒಂದು ಎಚ್ಚರಿಕೆ ಮಾತ್ರ ಬೇಕು: ಅದರ ಜೊತೆಗೆ ರಕ್ಮ್ ಎಂಬ ಜೋಡಣೆಯ ಸಾಮಗ್ರಿಯನ್ನೂ ಇಟ್ಟುಕೊಳ್ಳಬೇಕು. ಇಲ್ಲವಾದರೆ ಒತ್ತುಗಳೆಲ್ಲ ಒತ್ತಾಗದೆ ಸಾಲಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವವು; ಮುರಿದ ಅಕ್ಷರಕ್ಕೆ ಎಷ್ಟು ಚಂದದ ಅಂಚು ಕಟ್ಟಿದರೇನು ಫಲ?

ಒಂದೇ ಅಕ್ಷರಕ್ಕೆ ಬೇರೆ ಬೇರೆ ಅಗಲದ ಅಂಚುಗಳು ಬೇಕಾದಾಗ ಇನ್ನೊಂದು ಜಾಣತನವುಂಟು. ಪರದೆಯ ಪ್ರತಿಯೊಂದು ಚೌಕವು ಅಕ್ಷರದ ಎಲ್ಲೆಯಿಂದ ಎಷ್ಟು ದೂರವಿದೆಯೆಂಬದನ್ನು ಒಮ್ಮೆ ಅಳೆದು ಬರೆದಿಡುವದು. ಊರ ಅಗಸಿಯಿಂದ ಯಾವ ಹೊಲ ಎಷ್ಟು ಹೆಜ್ಜೆಯೆಂದು ಗೊತ್ತಿದ್ದವನಿಗೆ, ನೂರು ಹೆಜ್ಜೆಯೊಳಗಿನ ಹೊಲಗಳಾವವು, ಇನ್ನೂರು ಹೆಜ್ಜೆಯೊಳಗಿನವಾವವು ಎಂದು ಹೇಳುವದಕ್ಕೆ ಮತ್ತೆ ನಡೆಯಬೇಕಾಗಿಲ್ಲ. ಈ ಅಳತೆಯನ್ನು ಮೊದಲು ಅಡ್ಡಸಾಲುಗಳಲ್ಲಿ, ಆಮೇಲೆ ಕಂಬಸಾಲುಗಳಲ್ಲಿ, ಹೀಗೆ ಎರಡೇ ಸುತ್ತಿನಲ್ಲಿ ಮುಗಿಸುವ ಗಣಿತವಿದೆ. ಆಟಗಳ ಪರದೆಯ ಮೇಲೆ ಅಕ್ಷರಗಳನ್ನು ಹಿಗ್ಗಿಸಿದರೂ ಅಂಚು ಹರಿತವಾಗಿರುವಂತೆ ಮಾಡಲು ಅಮೇರಿಕೆಯ ವಾಲ್ವ್ ಸಂಸ್ಥೆಯ ಕ್ರಿಸ್ ಗ್ರೀನ್ ಎಂಬವರು ೨೦೦೭ರಲ್ಲಿ ಇಂಥ ದೂರದ ನಕಾಶೆಯ ಪ್ರಯೋಜನವನ್ನು ವಿವರಿಸಿ ಲೇಖನ ಬರೆದರು.

ಇನ್ನು ಎರಡನೆಯ ಪ್ರೋಗ್ರಾಮಿನ ದೋಷ. ಅದು ಅಂಚನ್ನು ಎಳೆಯುತ್ತಿತ್ತೇನೋ ನಿಜ. ಆದರೆ ಮೊದಲು ಅಕ್ಷರದ ಮೈ ತುಂಬಿ, ಅದರ ಮೇಲೆ ಅಂಚು ಎಳೆಯುತ್ತಿತ್ತು. ಎಲ್ಲೆಯ ಮೇಲೆ ಎಳೆದ ಗೆರೆಯ ಅರ್ಧಭಾಗವು ಹೊರಗೆ ಬಿದ್ದರೆ ಉಳಿದರ್ಧವು ಒಳಗೆ ಬೀಳುವದು. ಒಳಗೆ ಬಿದ್ದ ಆ ಅರ್ಧವೇ ಧಕಾರದ ಸಣ್ಣ ಗೆರೆಯನ್ನು ನುಂಗಿದ್ದು. ಅಷ್ಟೇ ಅಲ್ಲದೆ, ಅದು ಒಂದೊಂದು ತುಣುಕನ್ನೂ ಬೇರೆ ಬೇರೆಯಾಗಿ ಮುಗಿಸುತ್ತಿತ್ತು. ನಮ್ಮೂರ ಹೆಸರನ್ನೇ ತೆಗೆದುಕೊಳ್ಳಿರಿ. 'ಹುಲಗೂರು' ಎಂಬಲ್ಲಿ ಹಕಾರಕ್ಕೆ ಉಕಾರದ ಕೊಂಬು ತಗಲಿಕೊಂಡೇ ಇರಬೇಕು. ಹಕಾರವನ್ನು ಬರೆದು ಅದರ ಅಂಚು ಮುಗಿಸಿ, ಬಳಿಕ ಕೊಂಬನ್ನು ಬರೆದು ಅದಕ್ಕೂ ಅಂಚು ಕಟ್ಟಿದರೆ ನಡುವೆ ಕರಿಯ ಗೆರೆಯೊಂದು ಬಿದ್ದು, ಬಿರುಕುಬಿಟ್ಟ ಗಡಿಗೆಯಂತೆ ತೋರುವದು. ಒತ್ತಕ್ಷರಗಳಲ್ಲಿಯಂತೂ ಒತ್ತಿನ ಅಂಚು ಮೇಲಿನ ಅಕ್ಷರದ ಪಾದವನ್ನೇ ಕತ್ತರಿಸುವದು.

ಇದಕ್ಕೆ ಪರಿಹಾರವು ನನಗೆ ಕಂಪ್ಯೂಟರಿನ ಗ್ರಂಥಗಳಲ್ಲಿ ದೊರೆಯುವ ಮೊದಲೇ ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ದೊರೆತಿದ್ದಿತು. ವಾರ್ಷಿಕೋತ್ಸವಕ್ಕಾಗಿ ಬಟ್ಟೆಯ ಫಲಕದ ಮೇಲೆ ದೊಡ್ಡ ಅಕ್ಷರಗಳನ್ನು ಹೆಣೆಯುತ್ತಿದ್ದಾಗ ಹೊಲಿಗೆಯ ಅಕ್ಕನವರು, "ಮೊದಲ ಎಲ್ಲಾ ಅಕ್ಷರದ ಅಂಚು ಮುಗಿಸ್ರೆವಾ, ಆಮ್ಯಾಲೆ ಹೊಟ್ಟಿ ತುಂಬ್ರಿ," ಎಂದು ಸಾಲಿನ ಉದ್ದಕ್ಕೂ ಹೇಳುತ್ತ ಹೋಗುತ್ತಿದ್ದರು. ತುಂಬುವ ದಾರವು ಅಂಚಿನ ಒಳಮೈಯನ್ನು ಮುಚ್ಚಿಕೊಂಡು ಕೂಡ್ರುವದರಿಂದ ಅಕ್ಷರವು ಉಬ್ಬಿ ತುಂಬಿಕೊಂಡು ಕಾಣುತ್ತಿತ್ತು. ಪ್ರೋಗ್ರಾಮಿನಲ್ಲಿಯೂ ಅದೇ ನಿಯಮ. ಮೊದಲು ಇಡಿಯ ಮಾತಿನ, ಎರಡು ಸಾಲಿದ್ದರೆ ಎರಡೂ ಸಾಲುಗಳ, ಕರಿಯ ಅಂಚನ್ನೆಲ್ಲ ಹಾಸಿಬಿಡಬೇಕು; ಆಮೇಲೆ ಬಿಳಿಯ ಮೈಯನ್ನೆಲ್ಲ ಅದರ ಮೇಲೆ ತುಂಬಬೇಕು. ಆಗ ಕೊಂಬು ಅಕ್ಷರವನ್ನು ಬಿಡದು, ಒತ್ತು ಪಾದವನ್ನು ಕತ್ತರಿಸದು, ಮೇಲಿನ ಸಾಲಿನ ಒತ್ತಿಗೂ ಕೆಳಗಿನ ಸಾಲಿನ ತಲೆಕಟ್ಟಿಗೂ ಜಗಳ ಬಾರದು, ಧಕಾರದ ಗೆರೆಯೂ ಪೂರ್ಣವಾಗಿ ಉಳಿಯುವದು.

ಕಸೂತಿಯ ಗಾವಂತಿ ಹೊಲಿಗೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಮಿತವ್ಯಯವಿದೆ. ಸೂಜಿಯು ಹೋಗುವಾಗ ಒಂದು ಬಿಟ್ಟು ಒಂದರಂತೆ ಗೆರೆಗಳನ್ನು ಹಾಕುತ್ತ ಹೋಗಿ, ಬರುವಾಗ ಬಿಟ್ಟ ಸ್ಥಳಗಳನ್ನು ತುಂಬುತ್ತ ಹೊರಟಲ್ಲಿಗೇ ಬರುವದು. ದಾರ ಹರಿಯುವದಿಲ್ಲ, ಗಂಟು ಬೀಳುವದಿಲ್ಲ, ಬಟ್ಟೆಯ ಎರಡೂ ಮಗ್ಗುಲು ಒಂದೇ ರೂಪವಾಗಿರುವವು. ಕಡಿಮೆ ಶ್ರಮದಿಂದ ಮಾಡಿದ್ದೇ ಹೆಚ್ಚು ಚೊಕ್ಕಟವಾಗಿರುವದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾನು ಕಂಡಿಲ್ಲ.

ಬಿಡಿ ತುಣುಕುಗಳಿಂದ ಕನ್ನಡದ ಒಂದು ಅಕ್ಷರವನ್ನು ಕಟ್ಟುವ ಕಷ್ಟವು ಕಂಪ್ಯೂಟರಿನಿಂದ ಬಂದುದಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕಾಲದಿಂದಲೂ ಮೊಳೆ ಜೋಡಿಸುವವರಿಗೆ ಒತ್ತುಗಳದೇ ತಲೆನೋವು. ೧೮೪೩ರಲ್ಲಿ ಹೆರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುವದರಿಂದ ಒತ್ತು ಬರೆದಲ್ಲಿಯೇ ಕೂಡ್ರುವದು. ಮೊಳೆಗಳನ್ನು ಜೋಡಿಸಿ ೧೮೯೪ರ ಕಿಟ್ಟೆಲರ ಕೋಶದಂಥ ಮಹಾಗ್ರಂಥವನ್ನು ಅಚ್ಚುಮಾಡಿದ ಮಂಗಳೂರಿನ ಆ ಕೈಗಳ ತಾಳ್ಮೆಯನ್ನು ನೆನೆದರೆ, ನಾಲ್ಕು ಸಾಲಿನ ಆಜ್ಞೆ ಬರೆದು ನಾವು ದಣಿದೆವೆನ್ನುವದಕ್ಕೆ ಬಾಯಿ ಬಾರದು.

ಕ್ರಮವು ಗೊತ್ತಾದ ಮೇಲೆ ವೇಗವು ತಾನಾಗಿಯೇ ಬಂದಿತು. ಒಂದು ಸಾಲಿಗೆ ಅಂಚು ಒಂದು ಸಲ, ಮೈ ಒಂದು ಸಲ. ಹೀಗೆ ಎರಡೇ ಬರವಣಿಗೆಗಳು. ಆ ಸಿದ್ಧ ತುಂಡನ್ನು ಜೋಪಾನವಾಗಿ ತೆಗೆದಿಟ್ಟು, ೭೫ ಚಿತ್ರಗಳಿಗೂ ಅದನ್ನೇ ಅಂಟಿಸುವದು. ತತ್ತ್ವಪದದಲ್ಲಿ ಪ್ರತಿ ನುಡಿ ಮುಗಿದ ಬಳಿಕ ಪಲ್ಲವಿ ಮರಳಿ ಬರುವದಷ್ಟೆ? ಮರಳಿ ಬಂದಾಗ ಮರಳಿ ಬರೆಯುವದೇತಕ್ಕೆ? ತೆಗೆದಿಟ್ಟ ತುಂಡೇ ಮತ್ತೆ ಒದಗುವದು. ಮೊದಲು ರಾತ್ರಿಯೆಲ್ಲ ಕಾಯಬೇಕಾಗಿದ್ದ ಹಾಡು, ಚಹಾ ಕುದಿಸಿ ಇಳಿಸುವಷ್ಟರಲ್ಲಿ ಸಿದ್ಧವಾಗತೊಡಗಿತು. ಶುಕ್ರವಾರ ಊರಿನಲ್ಲಿ ಹಾಡಿದ್ದನ್ನು ಅದೇ ರಾತ್ರಿ ದೊಡ್ಡವ್ವನು ಓದುವಂತಾಯಿತು. ಕೆಲವು ದಿನಗಳ ಮೇಲೆ ತಮ್ಮನು ಕಳಿಸಿದ ಚಿತ್ರವೊಂದರಲ್ಲಿ ಅವಳು ಮೊಬೈಲನ್ನು ಮೊಳಕಾಲಿಗೆ ಆನಿಸಿಕೊಂಡು, ದಮ್ಮಡಿಯ ಕೈಯನ್ನು ನೋಡುತ್ತ, ಬಾಯಿತೆರೆದು ಹಾಡುತ್ತಿದ್ದಳು. ಸ್ವರವು ಅಲ್ಲಲ್ಲಿ ತಪ್ಪುತ್ತಿತ್ತು. ಮಾತು ಎಲ್ಲಿಯೂ ತಪ್ಪಲಿಲ್ಲ.

ಈ ಸಂಚಿಕೆಯನ್ನು ಓದುವ ಕಿರಿಯ ಸೋದರಿಯರಲ್ಲಿ ಕೆಲವರು ನಾಳೆ ಇಂಥ ಕೆಲಸಕ್ಕೆ ಬರುವವರಿರಬಹುದು. ಅವರಿಗೆ ಉಪಯೋಗವಾಗಲೆಂದು ನನ್ನ ಒಂದು ಪರೀಕ್ಷೆಯನ್ನು ಬರೆದಿಡುತ್ತೇನೆ. ಹೊಸ ಫಾಂಟೋ ಹೊಸ ಪ್ರೋಗ್ರಾಮೋ ಕೈಗೆ ಬಂದಾಗ ಮೊದಲು 'ದನ, ಧನ' ಎಂದು ಬರೆದು, ಗೆರೆ ಉಳಿಯಿತೇ ನೋಡಿರಿ. 'ಹುಲಗೂರು' ಎಂದು ಬರೆದು, ಕೊಂಬು ಕೂಡಿತೇ ನೋಡಿರಿ. 'ಸ್ತ್ರೀ' ಎಂದು ಬರೆದು, ಎರಡು ಒತ್ತುಗಳೂ ಕೆಳಗಿಳಿದು ತಂತಮ್ಮ ಸ್ಥಾನದಲ್ಲಿ ನಿಂತವೇ ನೋಡಿರಿ. ಅವನ್ನು ಬಿಳಿಯ ಗೋಡೆಯ ಮೇಲೂ ಕರಿಯ ಮಣ್ಣಿನ ಮೇಲೂ ಇಟ್ಟು, ಚಿಕ್ಕ ಪರದೆಯಲ್ಲಿ, ಕನ್ನಡಕ ಹಾಕಿಕೊಳ್ಳುವ ಹಿರಿಯರೊಬ್ಬರಿಗೆ ತೋರಿಸಿರಿ. ಅವರು ತಡವರಿಸದೆ ಓದಿದರೆ ನಿಮ್ಮ ಕೆಲಸ ಸರಿಯಾಗಿದೆಯೆಂದು ತಿಳಿಯಿರಿ. ಎಷ್ಟು ಬೇಗ ಮುಗಿಯಿತೆಂಬ ಲೆಕ್ಕವನ್ನು ಆ ಬಳಿಕ ನೋಡಬಹುದು.